ಎಂ.ಎಂ. ಕಲಬುರ್ಗಿ: ಸಂಶೋಧನೆ, ವೈಚಾರಿಕತೆ ಮತ್ತು ಅನುವಾದ (ಸಗರನಾಡಿನ ಹಿನ್ನೆಲೆಯಲ್ಲಿ ಒಂದು ಪರಿಶೀಲನೆ)

ಭೀಮಾ ಮತ್ತು ಕೃಷ್ಣಾ ನದಿಗಳ ನಡುವಣ ಶಹಾಪುರ, ಸುರಪುರ ಪ್ರದೇಶವನ್ನು ಸಗರನಾಡು ಎಂದು ಕರೆಯುವ ರೂಢಿ ಇಂದಿಗೂ ಇದೆ. ಶಾಸನಗಳಲ್ಲಿ ಬರುವ ಸಗರ-300 ಎಂಬ ಆಡಳಿತ ವಿಭಾಗವೇ ಈ ಹೆಸರಿನ ಮೂಲ. ದೇವರ ದಾಸಿಮಯ್ಯನ ಹೆಸರಿನೊಂದಿಗೆ ಬೆಸೆದುಕೊಂಡಿರುವ ಮುದನೂರು, ಕಾಲಜ್ಞಾನ ಪರಂಪರೆಯ ಕೊಡೇಕಲ್ಲು, ಹಿಂದೂ-ಮುಸ್ಲಿಂ ಭಕ್ತರಿಬ್ಬರೂ ನಡೆದುಕೊಳ್ಳುವ ತಿಂಥಣಿಯ ಮೌನೇಶ್ವರ, ಪ್ರಾಚೀನ ದೇಗುಲಗಳ ಶಿರವಾಳ, ಬೃಹತ್ ಶಿಲಾಸಮಾಧಿಗಳ ರಾಜನಕೋಳೂರು, ಬೇಡ ನಾಯಕರ ವಾಗಿನಗೇರಿ ಇವೆಲ್ಲವೂ ಈ ಸೀಮೆಯಲ್ಲಿವೆ. 2009ರ ಡಿಸೆಂಬರ್ 30ರಂದು ಗುಲಬರ್ಗಾ ಜಿಲ್ಲೆಯಿಂದ ಬೇರ್ಪಟ್ಟು ಯಾದಗಿರಿ ಪ್ರತ್ಯೇಕ ಜಿಲ್ಲೆಯಾಯಿತು. ಆದರೆ ಇದರ ಚರಿತ್ರೆಯನ್ನು ಬರೆಯಲು ಬೇಕಾದ ಆಕರಗಳು ಒಂದೇ ಭಾಷೆಯಲ್ಲಿ, ಒಂದೇ ಊರಿನಲ್ಲಿ ದೊರೆಯುವಂಥವಲ್ಲ. ಶಾಸನಗಳು ಕನ್ನಡದಲ್ಲಿವೆ, ಆದಿಲಶಾಹಿ ಮತ್ತು ಮೊಗಲ್ ಕಾಲದ ವೃತ್ತಾಂತಗಳು ಫಾರಸಿಯಲ್ಲಿವೆ, ಹತ್ತೊಂಬತ್ತನೆಯ ಶತಮಾನದ ಸುರಪುರ ಸಂಸ್ಥಾನದ ವಿವರಗಳು ಹೆಚ್ಚಾಗಿ ಇಂಗ್ಲಿಷಿನಲ್ಲಿವೆ, ವಚನ ಮತ್ತು ಪುರಾಣಗಳು ಮಠಮನೆಗಳ ಓಲೆಗರಿಗಳಲ್ಲಿ ಉಳಿದು ಬಂದವು.

ಇಂಥ ಹರಿದು ಹಂಚಿಹೋದ ಆಕರಗಳನ್ನು ಒಂದು ನೆಲೆಗೆ ತಂದು ಕನ್ನಡದ ಮೂಲಕವೇ ಕನ್ನಡನಾಡಿನ ಚರಿತ್ರೆಯನ್ನು ಕಟ್ಟಬೇಕೆಂದು ಶ್ರಮಿಸಿದವರಲ್ಲಿ ಡಾ. ಎಂ.ಎಂ. ಕಲಬುರ್ಗಿಯವರು ಪ್ರಮುಖರು. ಅವರು ಸಗರನಾಡಿನವರಲ್ಲ, ನೆರೆಯ ಸಿಂದಗಿ ಸೀಮೆಯವರು. ಆದರೆ ಅವರ ಸಂಶೋಧನೆಯ ಕ್ಷೇತ್ರವೂ ಅವರು ಯೋಜಿಸಿದ ಅನುವಾದ ಕಾರ್ಯಗಳೂ ಈ ಸೀಮೆಯ ಚರಿತ್ರೆಗೆ ನೇರವಾಗಿ ಸಂಬಂಧಿಸಿವೆ. ಅವರ ಬದುಕಿನ ಕೊನೆಯ ವರ್ಷಗಳಲ್ಲಿ ಮತ್ತು 2015ರ ಆಗಸ್ಟ್ 30ರ ಹತ್ಯೆಯ ಅನಂತರ 'ವಿಚಾರವಾದಿ' ಎಂಬ ಒಂದೇ ಪದದಿಂದ ಅವರನ್ನು ಗುರುತಿಸುವ ರೂಢಿ ಬೆಳೆಯಿತು. ಈ ಪದ ಅವರಿಗೆ ಎಷ್ಟರಮಟ್ಟಿಗೆ ಒಪ್ಪುತ್ತದೆ, ಅವರ ಸಂಶೋಧನೆಗೂ ಅವರು ಎದುರಿಸಿದ ವಿವಾದಗಳಿಗೂ ಇದ್ದ ಸಂಬಂಧವೇನು, ಅವರ ಅನುವಾದ ಯೋಜನೆಗಳ ಹಿಂದಿದ್ದ ಚಾರಿತ್ರಿಕ ದೃಷ್ಟಿ ಯಾವುದು ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಜೀವನ ಮತ್ತು ವ್ಯಾಸಂಗ

ಮಲ್ಲೇಶಪ್ಪ ಮಡಿವಾಳಪ್ಪ ಕಲಬುರ್ಗಿಯವರು 1938ರ ನವೆಂಬರ್ 28ರಂದು ಜನಿಸಿದರು. ಅವರದು ವಿಜಯಪುರ ಜಿಲ್ಲೆ ಸಿಂದಗಿ ತಾಲೂಕಿನ ಯರಗಲ್ಲ ಗ್ರಾಮದ ಮನೆತನ. ಆ ಕಾಲಕ್ಕೆ ಸಿಂದಗಿ ಮುಂಬಯಿ ಪ್ರಾಂತದಲ್ಲಿತ್ತು. ಶಹಾಪುರ, ಸುರಪುರ, ಯಾದಗಿರಿಗಳು ಹೈದರಾಬಾದ್ ನಿಜಾಮರ ಆಳ್ವಿಕೆಯಲ್ಲಿದ್ದವು. ಮಾತು, ಮಠ, ಜಾತ್ರೆ, ನೆಂಟಸ್ತನಗಳಿಂದ ಒಂದೇ ಆಗಿದ್ದ ಸೀಮೆ ಆಡಳಿತದಲ್ಲಿ ಎರಡಾಗಿತ್ತು. ಮುಂಬಯಿ ಕರ್ನಾಟಕದ ವಿದ್ಯಾರ್ಥಿಗೆ ಧಾರವಾಡದ ಕನ್ನಡ ವಿದ್ಯಾಕೇಂದ್ರಗಳು ದೊರೆತರೆ, ನಿಜಾಮ ಕರ್ನಾಟಕದ ವಿದ್ಯಾರ್ಥಿ ಉರ್ದು ಮಾಧ್ಯಮದ ಶಾಲೆಯನ್ನು ಹಾಯ್ದು ಬರಬೇಕಾಗಿತ್ತು. 1956ರ ಏಕೀಕರಣದ ಅನಂತರವೂ ಈ ವ್ಯತ್ಯಾಸದ ಪರಿಣಾಮ ಉಳಿಯಿತು. ಕಲಬುರ್ಗಿಯವರ ತಲೆಮಾರಿನ ಸಂಶೋಧಕರಿಗೆ 'ಅಖಂಡ ಕರ್ನಾಟಕದ ಚರಿತ್ರೆ' ಎಂಬುದು ಭಾವನೆಯ ಮಾತಾಗಿರಲಿಲ್ಲ, ಆಕರಗಳನ್ನು ಒಟ್ಟುಗೂಡಿಸುವ ಪ್ರತ್ಯಕ್ಷ ಸಮಸ್ಯೆಯಾಗಿತ್ತು ಎಂಬುದನ್ನು ಈ ಹಿನ್ನೆಲೆಯಲ್ಲಿ ಗಮನಿಸಬೇಕು.

ಕರ್ನಾಟಕ ವಿಶ್ವವಿದ್ಯಾಲಯದಿಂದ 1962ರಲ್ಲಿ ಎಂ.ಎ. ಪದವಿ ಪಡೆದ ಅವರು ಅದೇ ವರ್ಷ ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಅಧ್ಯಾಪಕರಾದರು. 1966ರಲ್ಲಿ ವಿಶ್ವವಿದ್ಯಾಲಯದ ಕನ್ನಡ ವಿಭಾಗಕ್ಕೆ ಬಂದರು. 'ಕವಿರಾಜಮಾರ್ಗ ಪರಿಸರದ ಕನ್ನಡ ಸಾಹಿತ್ಯ' ಎಂಬ ಮಹಾಪ್ರಬಂಧಕ್ಕೆ 1968ರಲ್ಲಿ ಪಿಎಚ್.ಡಿ. ಪದವಿ ದೊರೆಯಿತು. 1982ರಲ್ಲಿ ವಿಭಾಗದ ಪ್ರಾಧ್ಯಾಪಕರೂ ಮುಖ್ಯಸ್ಥರೂ ಆದರು. 1998ರಿಂದ 2001ರವರೆಗೆ ಹಂಪಿಯ ಕನ್ನಡ ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದರು. 'ಮಾರ್ಗ-4' ಕೃತಿಗೆ 2006ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಸಂದಿತು.

ಸಂಶೋಧನ ಮಾರ್ಗ

ಕಲಬುರ್ಗಿಯವರ ಬರವಣಿಗೆಯ ಬಹುಪಾಲು ಮೂರು ಕ್ಷೇತ್ರಗಳಿಗೆ ಸೇರುತ್ತದೆ: ಶಾಸನ, ಗ್ರಂಥಸಂಪಾದನೆ, ವಚನ ಸಾಹಿತ್ಯ. 'ಶಾಸನಗಳಲ್ಲಿ ಶಿವಶರಣರು', 'ಶಾಸನ ವ್ಯಾಸಂಗ', 'ಸಮಾಧಿ ಬಲಿದಾನ ವೀರಮರಣ ಸ್ಮಾರಕಗಳು', 'ಮಹಾರಾಷ್ಟ್ರದ ಕನ್ನಡ ಶಾಸನಗಳು', 'ಕನ್ನಡ ಗ್ರಂಥಸಂಪಾದನಶಾಸ್ತ್ರ', 'ಕರ್ನಾಟಕದ ಕೈಫಿಯತ್ತುಗಳು' ಎಂಬ ಶೀರ್ಷಿಕೆಗಳೇ ಅವರ ವ್ಯಾಪ್ತಿಯನ್ನು ಸೂಚಿಸುತ್ತವೆ. ಬಿಡಿ ಲೇಖನಗಳು 'ಮಾರ್ಗ' ಎಂಬ ಹೆಸರಿನ ಸಂಪುಟಗಳಾಗಿ ಹೊರಬಂದವು.

ಈ ಮೂರು ಕ್ಷೇತ್ರಗಳೂ ಪರಸ್ಪರ ಪೂರಕವಾಗಿವೆ. ಹನ್ನೆರಡನೆಯ ಶತಮಾನದ ಶರಣರ ಜೀವನವನ್ನು ತಿಳಿಯಲು ಪರಂಪರೆಯಿಂದ ಬಂದ ಸಾಧನವೆಂದರೆ ಪುರಾಣ. ಪಾಲ್ಕುರಿಕೆ ಸೋಮನಾಥನ ತೆಲುಗು ಬಸವಪುರಾಣ, ಅದನ್ನನುಸರಿಸಿ 1369ರಲ್ಲಿ ಭೀಮಕವಿ ರಚಿಸಿದ ಕನ್ನಡ ಬಸವಪುರಾಣ, 1584ರ ವಿರೂಪಾಕ್ಷ ಪಂಡಿತನ ಚೆನ್ನಬಸವಪುರಾಣ ಮೊದಲಾದವು ಶರಣರನ್ನು ಪವಾಡಪುರುಷರನ್ನಾಗಿ ಚಿತ್ರಿಸುತ್ತವೆ. ಇವು ಶರಣರ ಕಾಲದಿಂದ ಒಂದು ಶತಮಾನದಿಂದ ನಾಲ್ಕು ಶತಮಾನಗಳಷ್ಟು ದೂರದ ಕೃತಿಗಳು. ಇನ್ನೊಂದು ಸಾಧನವಾದ ಶಾಸನವು ಘಟನೆಗೆ ಹತ್ತಿರವಾದುದು, ಆದರೆ ಮಿತಭಾಷಿ. ಹುಕ್ಕೇರಿ ತಾಲೂಕಿನ ಅರ್ಜುನವಾಡದ 1260ರ ಶಾಸನದಂಥ ಕೆಲವು ಮಾತ್ರವೇ ಬಸವಣ್ಣನ ವಂಶದ ಬಗ್ಗೆ ಮಾಹಿತಿ ನೀಡುತ್ತವೆ. ಮೂರನೆಯ ಸಾಧನ ವಚನ. ಅದು ಶರಣರ ಸ್ವಂತ ಮಾತು. ಆದರೆ ಓಲೆಗರಿಗಳಲ್ಲಿ ಪ್ರತಿಯಾಗುತ್ತ ಬರುವಾಗ ಪ್ರಕ್ಷೇಪ, ಪಾಠಾಂತರಗಳಿಗೆ ಒಳಗಾದುದು.

ಪುರಾಣಕ್ಕಿಂತ ಶಾಸನ ಮತ್ತು ವಚನಗಳಿಗೆ ಹೆಚ್ಚಿನ ಪ್ರಾಮಾಣ್ಯ ಕೊಡುವುದು, ವಚನವನ್ನು ಬಳಸುವ ಮೊದಲು ಅದರ ಪಾಠವನ್ನು ಶುದ್ಧಗೊಳಿಸುವುದು, ಪುರಾಣದ ಪವಾಡವನ್ನು ಸುಮ್ಮನೆ ತಳ್ಳಿಹಾಕದೆ ಅದರ ಒಳಗಿರಬಹುದಾದ ಲೌಕಿಕ ಘಟನೆಯನ್ನು ಹುಡುಕುವುದು ಕಲಬುರ್ಗಿಯವರ ವಿಧಾನವಾಗಿತ್ತು. ಮುದನೂರಿನ ವಿಷಯದಲ್ಲಿ ಇಂಥ ವಿಧಾನದ ಅಗತ್ಯ ಸ್ಪಷ್ಟವಾಗಿ ತೋರುತ್ತದೆ. ದೇವರ ದಾಸಿಮಯ್ಯ ಮತ್ತು ಜೇಡರ ದಾಸಿಮಯ್ಯ ಒಬ್ಬರೋ ಇಬ್ಬರೋ ಎಂಬ ಪ್ರಶ್ನೆ ಕನ್ನಡ ವಿದ್ವಾಂಸರಲ್ಲಿ ದೀರ್ಘ ಚರ್ಚೆಗೆ ಕಾರಣವಾಗಿದೆ. ಪುರಾಣದ ಕಥೆಯೊಂದನ್ನೇ ಹಿಡಿದರೆ ಇಂಥ ಪ್ರಶ್ನೆ ಹುಟ್ಟುವುದೇ ಇಲ್ಲ. ಶಾಸನ, ಅಂಕಿತ, ಕಾಲಗಳನ್ನು ಜೊತೆಗಿಟ್ಟು ನೋಡಿದಾಗಲೇ ಅದು ತಲೆದೋರುತ್ತದೆ. ಊರಿನ ಶ್ರದ್ಧೆಗೆ ಹೊಂದದ ಉತ್ತರ ಬರುವ ಸಾಧ್ಯತೆಯೂ ಆಗಲೇ ಎದುರಾಗುತ್ತದೆ.

ವಚನಗಳ ಪಾಠ ನಿರ್ಣಯದ ಕೆಲಸಕ್ಕೆ ಫ.ಗು. ಹಳಕಟ್ಟಿಯವರು (1880-1964) ಹಾಕಿದ ಅಡಿಪಾಯ ದೊಡ್ಡದು. 1923ರಲ್ಲಿ ಪ್ರಕಟವಾದ ಅವರ 'ವಚನಶಾಸ್ತ್ರಸಾರ' ವಚನಗಳನ್ನು ಆಧುನಿಕ ಓದುಗರ ಎದುರಿಗೆ ತಂದಿತು. ಅದರ ಮುಂದಿನ ದೊಡ್ಡ ಘಟ್ಟವೆಂದರೆ ಕರ್ನಾಟಕ ಸರ್ಕಾರದ ಕನ್ನಡ ಮತ್ತು ಸಂಸ್ಕೃತಿ ಇಲಾಖೆಯ ಪರವಾಗಿ 1993ರಲ್ಲಿ ಹೊರಬಂದ ಸಮಗ್ರ ವಚನ ಸಾಹಿತ್ಯದ 15 ಸಂಪುಟಗಳು. ಇದರ ಪ್ರಧಾನ ಸಂಪಾದಕರು ಕಲಬುರ್ಗಿಯವರು. ವೀರಣ್ಣ ರಾಜೂರ, ಎಸ್. ವಿದ್ಯಾಶಂಕರ, ಬಿ.ಆರ್. ಹಿರೇಮಠ ಮೊದಲಾದ ವಿದ್ವಾಂಸರು ಈ ಕಾರ್ಯದಲ್ಲಿ ಪಾಲ್ಗೊಂಡರು. ಬಸವಣ್ಣ, ಅಲ್ಲಮ, ಚೆನ್ನಬಸವಣ್ಣರಷ್ಟೇ ಅಲ್ಲದೆ, ನಾಲ್ಕಾರು ವಚನಗಳಷ್ಟೇ ಉಳಿದಿರುವ ಕಾಯಕದ ಶರಣರೂ ಶರಣೆಯರೂ ಇಲ್ಲಿ ಸ್ಥಾನ ಪಡೆದರು. ಜನಪ್ರಿಯ ಆವೃತ್ತಿಯಾಗಿ ಅಗ್ಗದ ಬೆಲೆಗೆ ದೊರೆತ ಕಾರಣ ಹಳ್ಳಿಯ ಗ್ರಂಥಾಲಯಗಳಿಗೂ ಈ ಸಂಪುಟಗಳು ತಲುಪಿದವು. ಮುಂದೆ ವಚನಗಳ ಕುರಿತು ನಡೆದ ಪರ-ವಿರೋಧದ ಚರ್ಚೆಗಳೆಲ್ಲವೂ ಈ ಸಂಪುಟಗಳನ್ನೇ ಆಧರಿಸಿದವು ಎಂಬುದು ಉಲ್ಲೇಖನೀಯ.

'ಮಾರ್ಗ-1' ಮತ್ತು ಅದರ ವಿವಾದ

ಕಲಬುರ್ಗಿಯವರ ಹೆಸರು ವಿದ್ವದ್ವಲಯದಾಚೆಗೆ ಮೊದಲ ಬಾರಿಗೆ ಕೇಳಿಬಂದದ್ದು 'ಮಾರ್ಗ' ಮೊದಲ ಸಂಪುಟದ ಎರಡು ಲೇಖನಗಳಿಂದ. ಒಂದು ಬಸವಣ್ಣನ ಪತ್ನಿ ನೀಲಾಂಬಿಕೆಯನ್ನು ಕುರಿತದ್ದು, ಇನ್ನೊಂದು ಬಸವಣ್ಣನ ಅಕ್ಕ ನಾಗಲಾಂಬಿಕೆಯನ್ನು ಕುರಿತದ್ದು. ನೀಲಾಂಬಿಕೆಯ ವಚನಗಳ ಆಂತರಿಕ ಸಾಕ್ಷ್ಯವನ್ನು ಹಿಡಿದು ಆಕೆಗೂ ಬಸವಣ್ಣನಿಗೂ ಇದ್ದ ಸಂಬಂಧ ದೈಹಿಕ ದಾಂಪತ್ಯವನ್ನು ಮೀರಿದುದು ಎಂದು ಮೊದಲನೆಯದರಲ್ಲಿ ಊಹಿಸಲಾಗಿತ್ತು. ಚೆನ್ನಬಸವಣ್ಣನು ನಾಗಲಾಂಬಿಕೆ ಮತ್ತು ಡೋಹರ ಕಕ್ಕಯ್ಯನವರ ದಾಂಪತ್ಯದಿಂದ ಜನಿಸಿರಬಹುದೆಂಬ ಊಹೆ ಎರಡನೆಯದರಲ್ಲಿತ್ತು. ಪುರಾಣಗಳು ಈ ಜನನವನ್ನು ಪ್ರಸಾದದ ಮಹಿಮೆಯೆಂದು ನಿರೂಪಿಸಿದ್ದವು. ಚರ್ಮಕಾಯಕದ ಕುಲದಿಂದ ಬಂದ ಶರಣನೊಬ್ಬನ ಮದುವೆಯ ಸಂಬಂಧವನ್ನು ಮರೆಮಾಡಲು ಪುರಾಣಕಾರರು ಪವಾಡವನ್ನು ಕಲ್ಪಿಸಿದರೆಂಬುದು ಈ ವಾದದ ತಾತ್ಪರ್ಯ.

1989ರಲ್ಲಿ ಇದರ ವಿರುದ್ಧ ಲಿಂಗಾಯತ ಸಮಾಜದೊಳಗೆ ತೀವ್ರ ಪ್ರತಿಭಟನೆ ಎದ್ದಿತು. ಪ್ರತಿಭಟನೆಯಲ್ಲಿ ಎರಡು ಬಗೆಯ ಆಕ್ಷೇಪಗಳಿದ್ದವು. ಅವುಗಳನ್ನು ಪ್ರತ್ಯೇಕಿಸಿ ನೋಡುವುದು ಅವಶ್ಯ. ಮೊದಲನೆಯದು ಭಕ್ತರ ನೋವು. ಷಟ್‌ಸ್ಥಲ ಚಕ್ರವರ್ತಿಯೆಂದು ಪೂಜಿತನಾದ ಚೆನ್ನಬಸವಣ್ಣನ ಜನ್ಮವನ್ನು ಚರ್ಚೆಗೆ ಒಡ್ಡುವುದೇ ಅವಮಾನವೆಂಬ ಭಾವನೆ ಅಲ್ಲಿತ್ತು. ಎರಡನೆಯದು ಪ್ರಮಾಣದ ಪ್ರಶ್ನೆ. ವಚನದ ಭಾಷೆ ಸಾಂಕೇತಿಕವಾದುದು. ಅನುಭಾವದ ಮಾತಿನಿಂದ ಸಂಸಾರದ ವಿವರವನ್ನು ಹೊರತೆಗೆಯುವಾಗ ಊಹೆ ಪ್ರಮಾಣಕ್ಕಿಂತ ಮುಂದೆ ಹೋಗುವ ಅಪಾಯವಿದೆ. ಈ ಎರಡನೆಯ ಆಕ್ಷೇಪ ಶಾಸ್ತ್ರೀಯವಾದುದು. ಅದಕ್ಕೆ ಉತ್ತರವಾಗಿ ಬರಬೇಕಾಗಿದ್ದುದು ಮತ್ತೊಂದು ಲೇಖನ, ಮತ್ತೊಂದು ಪಾಠದ ಪರಿಶೀಲನೆ, ಮತ್ತೊಂದು ಶಾಸನದ ಸಾಕ್ಷ್ಯ. ಆದರೆ ಮೊದಲನೆಯ ಆಕ್ಷೇಪದ ಒತ್ತಡದಲ್ಲಿ ಎರಡನೆಯದಕ್ಕೆ ಅವಕಾಶವೇ ಉಳಿಯಲಿಲ್ಲ. ಕಲಬುರ್ಗಿಯವರು ಧಾರ್ಮಿಕ ಮುಖಂಡರ ಎದುರು ತಮ್ಮ ಅಭಿಪ್ರಾಯಗಳನ್ನು ಹಿಂತೆಗೆದುಕೊಳ್ಳಬೇಕಾಯಿತು. ಕುಟುಂಬದ ರಕ್ಷಣೆಗಾಗಿ ಹೀಗೆ ಮಾಡಿದುದಾಗಿಯೂ, ಆ ದಿನ ತಮ್ಮ ಬೌದ್ಧಿಕ ಜೀವನ ತಮ್ಮ ಕೈಯಿಂದಲೇ ಕೊನೆಗೊಂಡಂತಾಯಿತೆಂದೂ ಅರ್ಥ ಬರುವಂತೆ ಅವರು ಆಗ ಹೇಳಿದ್ದರು.

ಈ ಪ್ರಕರಣದಿಂದ ಕನ್ನಡ ಸಂಶೋಧನೆಗೆ ಆದ ನಷ್ಟ ಎಂಥದು ಎಂಬುದನ್ನು ವಿಚಾರಿಸಬೇಕು. ಆ ಊಹೆಗಳು ಸರಿಯೋ ತಪ್ಪೋ ಎಂಬುದು ವಿದ್ವತ್ತಿನ ಮಾರ್ಗದಲ್ಲಿ ಇತ್ಯರ್ಥವಾಗಲಿಲ್ಲ. ಒತ್ತಾಯದಿಂದ ಹಿಂತೆಗೆದುಕೊಂಡ ಅಭಿಪ್ರಾಯವನ್ನು ಯಾರೂ ಖಂಡಿಸಿದಂತಾಗುವುದಿಲ್ಲ, ಸಮರ್ಥಿಸಿದಂತೆಯೂ ಆಗುವುದಿಲ್ಲ. ಹೀಗೆ ನಾಗಲಾಂಬಿಕೆಯ ಚರಿತ್ರೆಯ ಪ್ರಶ್ನೆ ಎಲ್ಲಿತ್ತೋ ಅಲ್ಲಿಯೇ ನಿಂತಿತು. ಡೋಹರ ಕಕ್ಕಯ್ಯನನ್ನು ಶರಣನೆಂದು ಒಪ್ಪುವ ಸಮಾಜ ಅವನನ್ನು ಬಂಧುವೆಂದು ಒಪ್ಪಲು ಸಿದ್ಧವಿದೆಯೇ ಎಂಬ ಸಾಮಾಜಿಕ ಪ್ರಶ್ನೆಯೂ ಉತ್ತರವಿಲ್ಲದೆ ಉಳಿಯಿತು. ಕಲ್ಯಾಣದ ಕ್ರಾಂತಿಗೆ ಕಾರಣವೆಂದು ಪರಂಪರೆಯೇ ಹೇಳುವುದು ಹರಳಯ್ಯ-ಮಧುವರಸರ ಮಕ್ಕಳ ವಿವಾಹವನ್ನು. ಅಂಥ ಪರಂಪರೆಯಲ್ಲಿ ಈ ಪ್ರಶ್ನೆ ಇಷ್ಟು ಕಹಿಯಾದುದು ವಿಚಾರಾರ್ಹ.

ವಿಚಾರವಾದಿ ಎಂಬ ಹೆಸರು

ಆಧುನಿಕ ಕನ್ನಡದಲ್ಲಿ ವೈಚಾರಿಕತೆಗೆ ಹಲವು ಧಾರೆಗಳಿವೆ. ವಿದ್ಯಾವಂತ ತರುಣರನ್ನು ಮತಮೌಢ್ಯದಿಂದ ಹೊರಬರುವಂತೆ ಕರೆದ ಕುವೆಂಪು ಅವರದು ಒಂದು. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ 1976ರಲ್ಲಿ ಪವಾಡಗಳ ಪರಿಶೀಲನೆಗೆ ಸಮಿತಿಯನ್ನು ರಚಿಸಿದ ಎಚ್. ನರಸಿಂಹಯ್ಯನವರದು ವೈಜ್ಞಾನಿಕ ಪರೀಕ್ಷೆಯ ಮಾರ್ಗ. ಎ.ಎನ್. ಮೂರ್ತಿರಾಯರದು ಮತ್ತೊಂದು: ಸಾಕ್ರಟೀಸನ ಕೊನೆಯ ದಿನಗಳನ್ನೂ ಮೋಲಿಯೇರನ ನಾಟಕವನ್ನೂ ಕನ್ನಡಕ್ಕೆ ತಂದ ಅವರು 1991ರಲ್ಲಿ 'ದೇವರು' ಗ್ರಂಥವನ್ನು ಬರೆದು ಈಶ್ವರನ ಅಸ್ತಿತ್ವದ ಪ್ರಶ್ನೆಯನ್ನು ತತ್ತ್ವಶಾಸ್ತ್ರದ ನೆಲೆಯಲ್ಲಿ ಶಾಂತವಾಗಿ ಚರ್ಚಿಸಿದರು.

ಕಲಬುರ್ಗಿಯವರು ಈ ಯಾವ ಧಾರೆಗೂ ಪೂರ್ಣವಾಗಿ ಸೇರುವುದಿಲ್ಲ. ಅವರು ದೇವರಿದ್ದಾನೆಯೇ ಎಂಬ ಪ್ರಶ್ನೆಯನ್ನು ತಮ್ಮ ಅಧ್ಯಯನದ ವಿಷಯವಾಗಿ ಎತ್ತಿಕೊಂಡವರಲ್ಲ. ಬಸವತತ್ತ್ವದಲ್ಲಿ ಅವರಿಗೆ ನಿಷ್ಠೆಯಿತ್ತು. ಗದಗಿನ ತೋಂಟದಾರ್ಯ ಮಠದ ಲಿಂಗಾಯತ ಅಧ್ಯಯನ ಸಂಸ್ಥೆಯ ಪ್ರಕಟಣೆಗಳಿಗೆ ಅವರ ಮಾರ್ಗದರ್ಶನ ದೊರೆತಿತ್ತು. ಕಲ್ಯಾಣದ ದುರಂತವನ್ನು ವಸ್ತುವಾಗಿಸಿಕೊಂಡು 'ಕೆಟ್ಟಿತ್ತು ಕಲ್ಯಾಣ' ಎಂಬ ನಾಟಕವನ್ನು ಬರೆದರು. ಅವರ ವಿರೋಧವಿದ್ದುದು ಬಸವಣ್ಣನ ಮಾತಿಗೂ ಅವನ ಹೆಸರಿನಲ್ಲಿ ನಡೆಯುವ ಆಚರಣೆಗೂ ನಡುವೆ ಬೆಳೆದ ಅಂತರದ ಬಗ್ಗೆ. ವಿಗ್ರಹಾರಾಧನೆ, ಜಾತಿಭೇದ, ಪೌರೋಹಿತ್ಯಗಳನ್ನು ವಚನಗಳೇ ನಿರಾಕರಿಸಿರುವಾಗ ಅವು ಲಿಂಗಾಯತದೊಳಗೆ ಮರಳಿ ಬಂದುದು ಚಾರಿತ್ರಿಕ ವಿಚಲನ ಎಂಬುದು ಅವರ ನಿಲುವು. ಆದ್ದರಿಂದ ಅವರ ವೈಚಾರಿಕತೆಯನ್ನು ನಾಸ್ತಿಕವಾದ ಎನ್ನುವುದಕ್ಕಿಂತ ಆಕರನಿಷ್ಠೆ ಎನ್ನುವುದು ಹೆಚ್ಚು ಸಮರ್ಪಕ.

ಲಿಂಗಾಯತ ಮತ್ತು ವೀರಶೈವ ಎಂಬ ಎರಡು ಹೆಸರುಗಳ ವಿವಾದದಲ್ಲಿಯೂ ಇದೇ ದೃಷ್ಟಿ ಕೆಲಸ ಮಾಡಿತು. ಇವೆರಡೂ ಒಂದೇ ಅಲ್ಲ, ಬಸವಣ್ಣನಿಂದ ರೂಪುಗೊಂಡ ಲಿಂಗಾಯತ ಸ್ವತಂತ್ರ ಧರ್ಮ ಎಂದು ಅವರು ವಾದಿಸಿದರು. ವೀರಶೈವವು ಬಸವಪೂರ್ವದ್ದು, ಬಸವಣ್ಣನು ಅದರ ಸುಧಾರಕ ಎಂಬ ನಿಲುವಿನ ಪೀಠಾಚಾರ್ಯರೂ ವಿದ್ವಾಂಸರೂ ಇದನ್ನು ಒಪ್ಪಲಿಲ್ಲ. ಶಾಸನ, ವಚನ ಸಂಶೋಧನೆಗಳಲ್ಲಿ ಸಮಾನ ಖ್ಯಾತಿಯ ಎಂ. ಚಿದಾನಂದಮೂರ್ತಿಯವರು ಈ ವಿಷಯದಲ್ಲಿ ಭಿನ್ನಾಭಿಪ್ರಾಯ ಹೊಂದಿದ್ದರು. ಒಂದೇ ಬಗೆಯ ಆಕರಗಳನ್ನು ಬಳಸಿದ ಇಬ್ಬರು ಹಿರಿಯ ವಿದ್ವಾಂಸರು ಬೇರೆ ಬೇರೆ ತೀರ್ಮಾನಕ್ಕೆ ಬಂದರೆಂಬುದು ಗಮನಾರ್ಹ. ಕಲಬುರ್ಗಿಯವರ ನಿಧನಾನಂತರ ಈ ಚರ್ಚೆ ರಾಜಕೀಯ ಸ್ವರೂಪ ಪಡೆದು, 2018ರ ಮಾರ್ಚ್‌ನಲ್ಲಿ ಅಂದಿನ ರಾಜ್ಯ ಸರ್ಕಾರ ಲಿಂಗಾಯತಕ್ಕೆ ಧಾರ್ಮಿಕ ಅಲ್ಪಸಂಖ್ಯಾತ ಸ್ಥಾನ ನೀಡುವಂತೆ ಕೇಂದ್ರಕ್ಕೆ ಶಿಫಾರಸು ಮಾಡುವವರೆಗೆ ಮುಂದುವರಿಯಿತು.

ಆದಿಲಶಾಹಿ ಆಕರಗಳು ಮತ್ತು ಅನುವಾದ

ಕಲಬುರ್ಗಿಯವರ ಹೆಸರಿನೊಂದಿಗೆ ವಿವಾದಗಳು ಬೆಸೆದುಕೊಂಡಷ್ಟು ಅವರ ಅನುವಾದ ಯೋಜನೆಗಳು ಬೆಸೆದುಕೊಳ್ಳಲಿಲ್ಲ. ಆದರೆ ಸಗರನಾಡಿನ ಚರಿತ್ರೆಯ ದೃಷ್ಟಿಯಿಂದ ಇವುಗಳಿಗೇ ಹೆಚ್ಚಿನ ಮಹತ್ವವಿದೆ. ಅವರು ಸ್ವತಃ ಫಾರಸಿಯಿಂದ ಅನುವಾದಿಸಿದವರಲ್ಲ. ಯಾವುದು ಕನ್ನಡಕ್ಕೆ ಬರಬೇಕು, ಯಾವುದು ಕನ್ನಡದಿಂದ ಹೊರಗೆ ಹೋಗಬೇಕು ಎಂಬುದನ್ನು ನಿರ್ಧರಿಸಿ, ಅನುವಾದಕರನ್ನೂ ಸಂಸ್ಥೆಗಳನ್ನೂ ಕೂಡಿಸಿ ಕೆಲಸ ಮಾಡಿಸಿದ ಪ್ರಧಾನ ಸಂಪಾದಕರು.

ಇವುಗಳಲ್ಲಿ ಒಂದು ಆದಿಲಶಾಹಿ ಸಾಹಿತ್ಯದ ಅನುವಾದ ಯೋಜನೆ. ವಿಜಯಪುರದ ಬಿ.ಎಲ್.ಡಿ.ಇ. ಸಂಸ್ಥೆಯ ಡಾ. ಫ.ಗು. ಹಳಕಟ್ಟಿ ಸಂಶೋಧನ ಕೇಂದ್ರ ಇದನ್ನು ಕೈಗೊಂಡಿತು. ಆದಿಲಶಾಹಿ ಕಾಲದ ಫಾರಸಿ, ಅರಬ್ಬಿ ಮತ್ತು ದಖನಿ ಉರ್ದುವಿನ ಕೃತಿಗಳನ್ನು ಕನ್ನಡಕ್ಕೆ ತರುವುದು ಇದರ ಗುರಿ. ಇದರ ಅವಶ್ಯಕತೆಯನ್ನು ಅರಿಯಲು ಕರ್ನಾಟಕ ಇತಿಹಾಸ ಬರವಣಿಗೆಯ ಒಂದು ಕೊರತೆಯನ್ನು ನೆನೆಯಬೇಕು. ಕನ್ನಡದಲ್ಲಿ ಬರೆದ ಇತಿಹಾಸಕಾರರು ಬಾದಾಮಿ ಚಾಲುಕ್ಯರಿಂದ ವಿಜಯನಗರದವರೆಗೆ ಶಾಸನಗಳ ಬಲದಿಂದ ಆತ್ಮವಿಶ್ವಾಸದಿಂದ ನಡೆಯುತ್ತಾರೆ. ಬಹಮನಿ, ಆದಿಲಶಾಹಿ ಕಾಲಕ್ಕೆ ಬಂದಾಗ ಕನ್ನಡ ಶಾಸನಗಳು ವಿರಳವಾಗುತ್ತವೆ, ಫಾರಸಿ ತಿಳಿಯದ ಕಾರಣ ಇಂಗ್ಲಿಷ್ ಅನುವಾದಗಳನ್ನು ಅವಲಂಬಿಸಬೇಕಾಗುತ್ತದೆ. ಹೀಗಾಗಿ ಸುಮಾರು ಎರಡು ಶತಮಾನಗಳ ಕಾಲ ಉತ್ತರ ಕರ್ನಾಟಕವನ್ನು ಆಳಿದ ಅರಸುಮನೆತನವೊಂದು ಕನ್ನಡ ಚರಿತ್ರೆಯಲ್ಲಿ ಹೊರಗಿನದಾಗಿಯೇ ಉಳಿಯಿತು. ಎರಡನೆಯ ಇಬ್ರಾಹಿಂ ಆದಿಲಶಹನ (1580-1627) ಆಶ್ರಯದಲ್ಲಿ ಫರಿಶ್ತಾ ತನ್ನ ಚರಿತ್ರೆಯನ್ನು ಬರೆದುದು ವಿಜಯಪುರದಲ್ಲಿ. ಆ ಸುಲ್ತಾನನೇ ದಖನಿಯಲ್ಲಿ ರಚಿಸಿದ 'ಕಿತಾಬ್-ಎ-ನೌರಸ್' ಎಂಬ ಸಂಗೀತ ಗ್ರಂಥದಲ್ಲಿ ಸರಸ್ವತಿ, ಗಣಪತಿಯರ ಸ್ತುತಿಯಿದೆ. ಎರಡನೆಯ ಅಲಿಯ ಆಸ್ಥಾನದಲ್ಲಿ ನುಸ್ರತಿ ಇದ್ದನು. ಇವರೆಲ್ಲರೂ ಕರ್ನಾಟಕದ ನೆಲದಲ್ಲಿಯೇ ಬರೆದವರು.

ಸುರಪುರದ ನಾಯಕರ ಚರಿತ್ರೆ ಈ ಕೊರತೆಗೆ ಒಳ್ಳೆಯ ನಿದರ್ಶನ. ಬೇಡ ನಾಯಕರು ಆದಿಲಶಾಹಿ ಸೇವೆಯಲ್ಲಿ ಬೆಳೆದವರು. 1686ರಲ್ಲಿ ವಿಜಯಪುರ ಪತನವಾದ ಮೇಲೆ ಮೊಗಲರು ಸಗರದ ಕಡೆಗೆ ತಿರುಗಿದರು. ಪಾಮನಾಯಕನ ಅನಂತರ ಪಿಡ್ಡನಾಯಕನು ವಾಗಿನಗೇರಿಯನ್ನು ನೆಲೆಯಾಗಿಸಿಕೊಂಡು ಮೊಗಲರಿಗೆ ತೊಡಕಾದನು. 1705ರಲ್ಲಿ ಔರಂಗಜೇಬನು ಸ್ವತಃ ಬಂದು ವಾಗಿನಗೇರಿಯನ್ನು ಮುತ್ತಿದುದು ಅವನ ಜೀವನದ ಕೊನೆಯ ದಂಡಯಾತ್ರೆ. ಈ ಮುತ್ತಿಗೆಯ ವಿವರಗಳು ಇರುವುದು ಮೊಗಲ್ ಆಸ್ಥಾನದ ಫಾರಸಿ ವೃತ್ತಾಂತಗಳಲ್ಲಿ. ಅಲ್ಲಿ ನಾಯಕನು ಬಂಡುಕೋರ. ಜದುನಾಥ ಸರ್ಕಾರರಂಥ ಇತಿಹಾಸಕಾರರು ಅವನ್ನು ಆಧರಿಸಿ ಇಂಗ್ಲಿಷಿನಲ್ಲಿ ಬರೆದರು. ಹತ್ತೊಂಬತ್ತನೆಯ ಶತಮಾನಕ್ಕೆ ಬಂದರೆ, 1841ರಿಂದ 1853ರವರೆಗೆ ಸುರಪುರದ ಆಡಳಿತವನ್ನು ನೋಡಿಕೊಂಡ ಮೆಡೋಸ್ ಟೇಲರ್ ತನ್ನ ಆತ್ಮಕಥೆಯಲ್ಲಿ ಬಾಲರಾಜ ವೆಂಕಟಪ್ಪ ನಾಯಕನ ಬೆಳವಣಿಗೆಯನ್ನೂ 1858ರ ದುರಂತವನ್ನೂ ಬರೆದಿದ್ದಾನೆ. ಅವನ ಪ್ರೀತಿ ನಿಜವಾದುದೇ. ಆದರೆ ದೃಷ್ಟಿ ಕಂಪನಿಯ ಅಧಿಕಾರಿಯದು. ಹೀಗೆ ಸುರಪುರದ ಚರಿತ್ರೆ ಮೊಗಲರ ಕಣ್ಣಿನಿಂದ ಫಾರಸಿಯಲ್ಲಿಯೂ ಬ್ರಿಟಿಷರ ಕಣ್ಣಿನಿಂದ ಇಂಗ್ಲಿಷಿನಲ್ಲಿಯೂ ದಾಖಲಾಯಿತು. ಆ ಊರಿನ ಅಧ್ಯಾಪಕನೋ ವಿದ್ಯಾರ್ಥಿಯೋ ಅದನ್ನು ಓದಿ, ಒರೆಗೆ ಹಚ್ಚಿ, ಸ್ಥಳೀಯ ಐತಿಹ್ಯ ಹಾಗೂ ಕೈಫಿಯತ್ತುಗಳೊಂದಿಗೆ ಹೋಲಿಸಬೇಕಾದರೆ ಅದು ಮೊದಲು ಕನ್ನಡಕ್ಕೆ ಬರಬೇಕು. ಆಕರಗಳ ಅನುವಾದವೆಂದರೆ ಓದುವ ಅಧಿಕಾರವನ್ನು ಹಂಚುವ ಕೆಲಸ. ಕೈಫಿಯತ್ತುಗಳ ಸಂಪಾದನೆ ಮತ್ತು ಆದಿಲಶಾಹಿ ಅನುವಾದಗಳನ್ನು ಒಟ್ಟಿಗೆ ನೋಡಿದಾಗ ಈ ಉದ್ದೇಶ ಸ್ಪಷ್ಟವಾಗುತ್ತದೆ.

ಮತ್ತೊಂದು ಯೋಜನೆ ಇದಕ್ಕೆ ವಿರುದ್ಧ ದಿಕ್ಕಿನದು. ಬಿ.ಡಿ. ಜತ್ತಿಯವರು ಬೆಂಗಳೂರಿನಲ್ಲಿ 1964ರಲ್ಲಿ ಸ್ಥಾಪಿಸಿದ ಬಸವ ಸಮಿತಿಯ ಆಶ್ರಯದಲ್ಲಿ ಆಯ್ದ 2,500 ವಚನಗಳನ್ನು ಭಾರತದ ಹಾಗೂ ಹೊರಗಿನ ಭಾಷೆಗಳಿಗೆ ಅನುವಾದಿಸುವ ಕಾರ್ಯಕ್ಕೆ ಕಲಬುರ್ಗಿಯವರು ಪ್ರಧಾನ ಸಂಪಾದಕರಾದರು. ಕಾಯಕ, ದಾಸೋಹ, ಜಂಗಮ, ಪ್ರಸಾದ ಎಂಬ ಪದಗಳಿಗೆ ಬೇರೆ ಭಾಷೆಗಳಲ್ಲಿ ಸಮಾನ ಪದ ಸಿಗುವುದು ಕಷ್ಟ. ಅಲ್ಲದೆ ವಚನಕ್ಕೆ ಅಂಕಿತವೇ ಮುದ್ರೆ. ಅದನ್ನು ಅನುವಾದಿಸಿದರೆ ವ್ಯಕ್ತಿ ಕಾಣೆಯಾಗುತ್ತಾನೆ, ಹಾಗೆಯೇ ಬಿಟ್ಟರೆ ಅರ್ಥ ಉಳಿಯುವುದಿಲ್ಲ. ಬಹುಭಾಷೆಗಳ ಇಂಥ ಯೋಜನೆಯಲ್ಲಿ ಒಂದೇ ಆಯ್ಕೆ, ಒಂದೇ ಪಾಠ ಇಟ್ಟುಕೊಂಡ ಕಾರಣ ಅನುವಾದಗಳನ್ನು ಪರಸ್ಪರ ಹೋಲಿಸಲು ಸಾಧ್ಯವಾಯಿತು. ಸಮಗ್ರ ವಚನ ಸಂಪುಟಗಳ ಪಾಠಶುದ್ಧಿಯ ಫಲ ಇಲ್ಲಿ ದೊರೆಯಿತೆನ್ನಬಹುದು.

ಕೊನೆಯ ವರ್ಷಗಳು

2014ರ ಜೂನ್ ತಿಂಗಳಲ್ಲಿ ಮೌಢ್ಯನಿಷೇಧ ವಿಧೇಯಕವನ್ನು ಕುರಿತು ಬೆಂಗಳೂರಿನಲ್ಲಿ ನಡೆದ ಸಭೆಯೊಂದರಲ್ಲಿ ಕಲಬುರ್ಗಿಯವರು ಯು.ಆರ್. ಅನಂತಮೂರ್ತಿಯವರು ತಮ್ಮ ಬಾಲ್ಯದ ಅನುಭವವೊಂದನ್ನು ಬರೆದುದನ್ನು ಉಲ್ಲೇಖಿಸಿ ವಿಗ್ರಹಗಳ ಬಗ್ಗೆ ಮಾತನಾಡಿದರು. ಇದರಿಂದ ಧಾರ್ಮಿಕ ಭಾವನೆಗೆ ಧಕ್ಕೆಯಾಯಿತೆಂದು ದೂರುಗಳು ದಾಖಲಾದವು, ಪ್ರತಿಭಟನೆಗಳು ನಡೆದವು. ಮನೆಗೆ ಪೊಲೀಸ್ ರಕ್ಷಣೆ ಒದಗಿಸಲಾಯಿತು; ಮುಂದೆ ಅವರ ಕೋರಿಕೆಯ ಮೇರೆಗೆ ಅದನ್ನು ಹಿಂತೆಗೆದುಕೊಳ್ಳಲಾಯಿತು. 2015ರ ಆಗಸ್ಟ್ 30ರ ಬೆಳಗ್ಗೆ ಧಾರವಾಡದ ಕಲ್ಯಾಣನಗರದ ಮನೆಯ ಬಾಗಿಲಲ್ಲಿ ಅವರನ್ನು ಗುಂಡಿಟ್ಟು ಕೊಲ್ಲಲಾಯಿತು. ಆಗ ಅವರ ವಯಸ್ಸು 76.

2013ರ ಆಗಸ್ಟ್‌ನಲ್ಲಿ ಪುಣೆಯಲ್ಲಿ ನರೇಂದ್ರ ದಾಭೋಲ್ಕರ್, 2015ರ ಫೆಬ್ರವರಿಯಲ್ಲಿ ಕೊಲ್ಹಾಪುರದಲ್ಲಿ ಗೋವಿಂದ ಪಾನ್ಸರೆ ಗುಂಡಿಗೆ ಬಲಿಯಾಗಿದ್ದರು. 2017ರ ಸೆಪ್ಟೆಂಬರ್ 5ರಂದು ಬೆಂಗಳೂರಿನಲ್ಲಿ ಪತ್ರಕರ್ತೆ ಗೌರಿ ಲಂಕೇಶರ ಹತ್ಯೆಯಾಯಿತು. ಗೌರಿ ಮತ್ತು ಕಲಬುರ್ಗಿಯವರ ಹತ್ಯೆಗಳಲ್ಲಿ ಒಂದೇ ಪಿಸ್ತೂಲು ಬಳಕೆಯಾಗಿದೆಯೆಂದು ವಿಧಿವಿಜ್ಞಾನ ಪರೀಕ್ಷೆ ಸೂಚಿಸಿತು. ಕಲಬುರ್ಗಿಯವರ ಪತ್ನಿಯ ಅರ್ಜಿಯ ಮೇರೆಗೆ 2019ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ತನಿಖೆಯನ್ನು ವಿಶೇಷ ತನಿಖಾ ತಂಡಕ್ಕೆ ಒಪ್ಪಿಸಿತು. ಅದೇ ವರ್ಷದ ಆಗಸ್ಟ್‌ನಲ್ಲಿ ಆರೋಪಪಟ್ಟಿ ಸಲ್ಲಿಕೆಯಾಯಿತು. ಹತ್ಯೆಯ ಅನಂತರ ದೇಶದ ಹಲವು ಭಾಷೆಗಳ ಲೇಖಕರು ತಮ್ಮ ಪ್ರಶಸ್ತಿಗಳನ್ನು ಹಿಂದಿರುಗಿಸಿದರು. ಕೇಂದ್ರ ಸಾಹಿತ್ಯ ಅಕಾಡೆಮಿ 2015ರ ಅಕ್ಟೋಬರ್‌ನಲ್ಲಿ ಖಂಡನಾ ನಿರ್ಣಯ ಕೈಗೊಂಡಿತು. ಯಾವ ವಿಧೇಯಕದ ಚರ್ಚೆಯಲ್ಲಿ ಅವರು ಭಾಗವಹಿಸಿದ್ದರೋ ಅದು ಬದಲಾದ ರೂಪದಲ್ಲಿ 2017ರಲ್ಲಿ ವಿಧಾನಮಂಡಲದ ಒಪ್ಪಿಗೆ ಪಡೆದು 2020ರ ಜನವರಿಯಲ್ಲಿ ಜಾರಿಗೆ ಬಂದಿತು.

ಸಗರನಾಡು ಇಂಥ ಸಾವಿಗೆ ಹೊರತಾದ ಪ್ರದೇಶವಲ್ಲ. ಶಹಾಪುರದ ಲಿಂಗಣ್ಣ ಸತ್ಯಂಪೇಟೆಯವರು 'ಅಗ್ನಿ ಅಂಕುರ' ಪತ್ರಿಕೆಯ ಸಂಪಾದಕರಾಗಿ ಬಸವತತ್ತ್ವದ ನೆಲೆಯಿಂದ ಮೌಢ್ಯ ಮತ್ತು ಮಠೀಯ ವ್ಯವಸ್ಥೆಯನ್ನು ಟೀಕಿಸುತ್ತಿದ್ದರು. 2012ರ ಜುಲೈ ತಿಂಗಳಲ್ಲಿ ಅವರ ಶವ ಕಲಬುರಗಿ ನಗರದಲ್ಲಿ ಪತ್ತೆಯಾಯಿತು. ಧಾರವಾಡದ ಪ್ರಾಧ್ಯಾಪಕರಿಗೂ ಶಹಾಪುರದ ಪತ್ರಕರ್ತರಿಗೂ ವಿದ್ವತ್ತಿನ ವ್ಯಾಪ್ತಿಯಲ್ಲಿ ಹೋಲಿಕೆಯಿಲ್ಲ. ಆದರೆ ಇಬ್ಬರೂ ವಚನವನ್ನು ಪ್ರಮಾಣವೆಂದು ಹಿಡಿದು ತಮ್ಮ ಸಮಾಜವನ್ನೇ ಪ್ರಶ್ನಿಸಿದವರು. ಹೊರಗಿನಿಂದ ಧರ್ಮವನ್ನು ನಿರಾಕರಿಸುವವನಿಗಿಂತ ಒಳಗೆ ನಿಂತು ಅದರ ಮೂಲವನ್ನು ನೆನಪಿಸುವವನು ಹೆಚ್ಚು ಕಹಿಯಾಗುವ ಸಂದರ್ಭಗಳಿರುತ್ತವೆ.

ಸಮಾರೋಪ

ಮೇಲಿನ ಪರಿಶೀಲನೆಯಿಂದ ಕೆಲವು ಅಂಶಗಳು ಸ್ಪಷ್ಟವಾಗುತ್ತವೆ. ಕಲಬುರ್ಗಿಯವರ ವೈಚಾರಿಕತೆಯ ಮೂಲ ಗ್ರಂಥಸಂಪಾದನೆ ಮತ್ತು ಶಾಸನಶಾಸ್ತ್ರಗಳಲ್ಲಿದೆ. ಯಾವ ಪಾಠ ಮೂಲದ್ದು, ಯಾವುದು ಪ್ರಕ್ಷೇಪ ಎಂದು ಕೇಳುವ ಅಭ್ಯಾಸವನ್ನೇ ಅವರು ಧಾರ್ಮಿಕ ಆಚರಣೆಗೂ ವಿಸ್ತರಿಸಿದರು. ಅವರ ಎಲ್ಲ ಊಹೆಗಳೂ ನಿಲ್ಲತಕ್ಕವಲ್ಲ. 'ಮಾರ್ಗ-1'ರ ಕೆಲವು ತೀರ್ಮಾನಗಳಲ್ಲಿ ಸಾಕ್ಷ್ಯಕ್ಕಿಂತ ಅನುಮಾನದ ಭಾರ ಹೆಚ್ಚು. ಆದರೆ ಅವುಗಳನ್ನು ಸಾಕ್ಷ್ಯದಿಂದಲೇ ಪರೀಕ್ಷಿಸುವ ಅವಕಾಶವನ್ನು ಕನ್ನಡ ವಿದ್ವತ್ತು ಎರಡು ಬಾರಿ ಕಳೆದುಕೊಂಡಿತು: 1989ರಲ್ಲಿ ಒತ್ತಾಯದಿಂದ, 2015ರಲ್ಲಿ ಹಿಂಸೆಯಿಂದ.

ಅನುವಾದದ ಕಾರ್ಯವಂತೂ ಮುಂದುವರಿಯಬೇಕಾದದ್ದು. ವಾಗಿನಗೇರಿಯ ಮುತ್ತಿಗೆಯ ಮೊಗಲ್ ವೃತ್ತಾಂತಗಳು, ಸಗರ ಪ್ರಾಂತಕ್ಕೆ ಸಂಬಂಧಿಸಿದ ಫಾರಸಿ ದಾಖಲೆಗಳು, ನಿಜಾಮ ಆಡಳಿತದ ಉರ್ದು ಕಾಗದಪತ್ರಗಳು ವಿಶ್ವಾಸಾರ್ಹ ಕನ್ನಡದಲ್ಲಿ ಒಂದೆಡೆ ದೊರೆತಾಗ ಯಾದಗಿರಿ ಜಿಲ್ಲೆಯ ಚರಿತ್ರೆಯ ರೂಪವೇ ಬದಲಾಗಬಹುದು. ಕೊಡೇಕಲ್ಲು, ತಿಂಥಣಿಗಳ ಹಿಂದೂ-ಮುಸ್ಲಿಂ ಕೂಡುಪರಂಪರೆಯ ಅಧ್ಯಯನಕ್ಕೂ ಕನ್ನಡ ಮತ್ತು ಫಾರಸಿ ಆಕರಗಳೆರಡರ ಬೆಂಬಲ ಅಗತ್ಯ. ಸ್ಥಳೀಯ ಕಾಲೇಜುಗಳಲ್ಲಿ ಉರ್ದು ಬಲ್ಲವರೂ ಕನ್ನಡ ಬಲ್ಲವರೂ ಒಂದೇ ಕೊಠಡಿಯಲ್ಲಿ ಕುಳಿತು ಮಾಡಬೇಕಾದ ಕೆಲಸವಿದು. ಭಾಷೆಗಳ ಗಡಿಯನ್ನು ದಾಟಿ ಆಕರಗಳ ಬಳಿಗೆ ಹೋಗುವ ಈ ಮಾರ್ಗ ಕಲಬುರ್ಗಿಯವರು ತೋರಿದ್ದು. ಅದರಲ್ಲಿ ನಡೆಯುವವರಿಗೆ ಅವರ ತೀರ್ಮಾನಗಳನ್ನು ಒಪ್ಪುವ ಸ್ವಾತಂತ್ರ್ಯವಿರುವಂತೆ ನಿರಾಕರಿಸುವ ಸ್ವಾತಂತ್ರ್ಯವೂ ಇರಬೇಕು.